ಆರು ಮಳೆಗಾಲ ಕಂಡ ಎರಡು ಚಕ್

ಗೋಣಿಕೊಪ್ಪದಲ್ಲಿ ನಮ್ಮದು ಸಣ್ಣ ಲೇತ್ ಶಾಪ್, ಲೋಹವನ್ನು ತಿರುಗಿಸಿ ಕಡೆಯುವ ಕೆಲಸ. ಕಡೆಯುವ ತುಂಡನ್ನು, ನಮ್ಮ ಮಾತಲ್ಲಿ ಜಾಬನ್ನು, ಹಿಡಿಯುವ ಸಾಧನವೇ ಚಕ್. ಅದರ ದವಡೆಗೆ ‘ಜಾ’ ಅನ್ನುತ್ತೇವೆ. 6 ಇಂಚಿನ ಟ್ರೂ ಚಕ್ (ಮೂರು ಜಾ, ಒಟ್ಟಿಗೇ ಸರಿಯುತ್ತವೆ), 8 ಇಂಚಿನ ಡಾಗ್ ಚಕ್ (ನಾಲ್ಕು ಜಾ, ಒಂದೊಂದನ್ನೂ ಬೇರೆ ಬೇರೆ ಸರಿಸಬೇಕು) ಎರಡನ್ನೂ ಒಟ್ಟಿಗೇ ತಂದು ಆರು ವರ್ಷವಾಯಿತು. ಹೆಸರು ಟ್ರೂ ಅಂತ ಇದ್ದರೂ ಅದನ್ನು ಪೂರ್ತಿ ನಂಬಬೇಡಿ.

ಹೊಸದರಲ್ಲಿ ಟ್ರೂ ಚಕ್ಕಿಗೆ 25 ಮಿ.ಮೀ. ರಾಡ್ ಹಿಡಿಸಿದರೆ ಅಳತೆಯ ಮುಳ್ಳಿರುವ ಡಯಲ್‌ನಲ್ಲಿ 0.05 ಮಿ.ಮೀ. ಔಟ್, ಅಂದರೆ ತಿರುಗುವಾಗಿನ ಓಲಾಟ, ತೋರಿಸುತ್ತಿತ್ತು. ನಾಲ್ಕನೇ ವರ್ಷಕ್ಕೆ ಅದು 0.15 ಆಯಿತು. ಬಿಚ್ಚಿ ನೋಡಿದರೆ ಜಾಗಳನ್ನು ಸರಿಸುವ ಸುರುಳಿ ತಟ್ಟೆ, ಅಂದರೆ ಸ್ಕ್ರೋಲ್ ತುಂಬ ಬೀಡು ಕಬ್ಬಿಣದ ಪುಡಿ, ಎಣ್ಣೆ, ತುಕ್ಕು ಸೇರಿ ರಾಗಿ ಅಂಬಲಿ. ಸೀಮೆಎಣ್ಣೆಯಲ್ಲಿ ತೊಳೆದು, ಜಾಗಳನ್ನು 1, 2, 3 ನಂಬರಿನ ಸಾಲಿನಲ್ಲೇ ಹಾಕಿದ ಮೇಲೆ 0.08ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಬರಲೇ ಇಲ್ಲ, ಜಾಗಳ ಬಾಯಿ ಸವೆದು ಅಗಲವಾಗಿದೆ. ಚಕ್ ಕೀ ಹಾಕುವ ಮೂರು ತೂತಿನಲ್ಲಿ ಯಾವುದರಿಂದ ಬಿಗಿದರೆ ಔಟ್ ಕಡಿಮೆಯೋ ಅದಕ್ಕೆ ಪಂಚ್ ಗುರುತು ಹಾಕಿಕೊಂಡಿದ್ದೇನೆ.

ಒಂದು ಕಾಫಿ ಕುಯ್ಲಿನ ಸಮಯ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನಿಂತುಹೋಗಿ ತೋಟದವರು ಬಾಗಿಲಲ್ಲೇ ಕಾಯುತ್ತಿದ್ದರು. ಅವಸರಕ್ಕೆ ಅದರ ಶಾಫ್ಟನ್ನು ಟ್ರೂ ಚಕ್‌ನಲ್ಲೇ ಹಿಡಿದು, ತಿರುಗಿಸಿ ಹಾಕಿ ಇನ್ನೊಂದು ತುದಿಯಲ್ಲಿ ಬೇರಿಂಗ್ ಕೂರುವ ಸೀಟನ್ನೂ ಕಡೆದೆ. ಮತ್ತೆ ಹಿಡಿದಾಗ ಔಟ್ ಇದ್ದಷ್ಟು ನಡು ಸರಿದು ಎರಡು ತುದಿಯೂ ಒಂದೇ ಸಾಲಿಗೆ ಬರಲಿಲ್ಲ. ಮೂರೇ ದಿನಕ್ಕೆ ಬೇರಿಂಗ್ ಕಾದು ಶಾಫ್ಟ್ ವಾಪಸ್ ಬಂತು. ತಪ್ಪು ಚಕ್‌ನದಲ್ಲ, ನನ್ನದು. ಒಂದೇ ಹಿಡಿತದಲ್ಲಿ ಮುಗಿಯುವ ಕೆಲಸಕ್ಕೆ ಟ್ರೂ ಚಕ್ ಚಿನ್ನ. ಜಾಬ್ ತಿರುಗಿಸಬೇಕೆಂದರೆ ಡಾಗ್ ಚಕ್ಕೇ ಸರಿ.

ಡಾಗ್ ಚಕ್ ಹೊಂದಿಸಲು ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು, ಈಗ ಐದು ನಿಮಿಷ. ಚಕ್ ಮುಖದ ಮೇಲಿನ ವೃತ್ತದ ಗೆರೆ ನೋಡಿ ಅಂದಾಜಿಗೆ ಹಿಡಿದು, ಆಮೇಲೆ ಡಯಲ್ ಇಡುತ್ತೇನೆ. ಎದುರು-ಬದುರು ಜಾಗಳ ನಡುವೆ 0.40 ವ್ಯತ್ಯಾಸ ತೋರಿಸಿತೆನ್ನಿ, ಜಾಬ್ ಸರಿಯಬೇಕಾದ್ದು 0.20 ಮಾತ್ರ. ಕಡಿಮೆ ತೋರಿಸುವ ಕಡೆ ಸ್ವಲ್ಪ ಸಡಿಲಿಸಿ ಹೆಚ್ಚಿರುವ ಕಡೆಯಿಂದ ಒತ್ತಬೇಕು. ಒಂದು ಜೋಡಿ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬೇಡಿ. ಕೊನೆಯ ಎರಡು ಪಾಯಿಂಟ್ (0.02 ಮಿ.ಮೀ.) ಬರೀ ಬಿಗಿಯುವುದರಲ್ಲೇ ಸಿಗುತ್ತದೆ. ಉದ್ದನೆಯ ಶಾಫ್ಟ್ ಆದರೆ ಚಕ್ ಹತ್ತಿರ ಜಾದಿಂದ, ದೂರದ ತುದಿಯಲ್ಲಿ ತಾಮ್ರದ ಸುತ್ತಿಗೆಯ ಮೆಲ್ಲನೆ ಪೆಟ್ಟಿನಿಂದ ಸರಿಮಾಡಿ. ಹೀಗೆ ಔಟನ್ನು 0.01ಕ್ಕೆ ಇಳಿಸಿ ನಿಲ್ಲಿಸಿದ್ದೇನೆ.

ಒಂದು ದೂರು. ಚಕ್ಕನ್ನು ಲೇತಿನ ತಿರುಗುವ ದಂಡಕ್ಕೆ (ಸ್ಪಿಂಡಲ್) ಕೂರಿಸಲು ಅಂಗಡಿಯವರು ಕೊಟ್ಟ ಹಿಂಬದಿ ತಟ್ಟೆ, ಬ್ಯಾಕ್‌ಪ್ಲೇಟ್, ಚಕ್‌ನೊಳಗೆ ಗಲಗಲ ಆಡುತ್ತಿತ್ತು. ಬೇರೆ ತಂದು, ನಮ್ಮ ಸ್ಪಿಂಡಲ್ ಮೇಲೇ ಕೂರಿಸಿ ಅಳತೆಗೆ ಕಡೆದುಕೊಂಡೆ.

ದುಡ್ಡು ಒಂದಕ್ಕೇ ಸಾಕಾಗುವುದಾದರೆ ಡಾಗ್ ತಗೊಳ್ಳಿ. ಮಳೆಗಾಲದಲ್ಲಿ ರಾತ್ರಿ ಎಣ್ಣೆ ಸವರಿಡಿ, ಆದರೆ ಮೇಲೆ ಗೋಣಿಚೀಲ ಮುಚ್ಚಬೇಡಿ. ಅದು ತೇವ ಎಳೆದು, ಬೆಳಗ್ಗೆ ನೋಡಿದರೆ ನೇಯ್ಗೆಯ ಗೆರೆಗೆರೆಯಾಗಿ ತುಕ್ಕು.