ಎಂ.ಎಡ್ ಪ್ರಬಂಧಕ್ಕೆ ಶಾಲೆಯೋ, ವಿಶ್ವವಿದ್ಯಾಲಯವೋ?

ಮೈಸೂರಿನಲ್ಲಿ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಅಭಿಪ್ರಾಯ ಹೋಲಿಸುವ ಸಂಶೋಧನೆಗೆ ಹೊರಟಿದ್ದೀರಾ? ಸಮಯವಿದ್ದರೆ ಶಾಲೆಯನ್ನೇ ಆರಿಸಿ. ಅಲ್ಲಿ ಅದೇ ಮೇಷ್ಟ್ರು, ಅದೇ ಮಕ್ಕಳು ವರ್ಷಪೂರ್ತಿ ಸಿಗುತ್ತಾರೆ. ಎಲ್ಲರಿಗೂ ಪಾಠ ಅರ್ಥವಾಗಿದೆ ಎಂದು ಮೇಷ್ಟ್ರು ಬರೆಯಬಹುದು. ಹಿಂದಿನ ಬೆಂಚಿನ ಹುಡುಗಿ ಬೇರೆಯೇ ಹೇಳಬಹುದು. ಆ ಅಂತರವೇ ಅಲ್ವಾ ನಮಗೆ ಬೇಕಿರುವುದು? ಆದರೆ ಓಡಾಟ ಜಾಸ್ತಿ. ಇಲಾಖೆಯ ಅನುಮತಿ ಬೇಕು, ಮಕ್ಕಳಿಗೆ 18 ತುಂಬಿರುವುದಿಲ್ಲವಾದ್ದರಿಂದ ಪೋಷಕರ ಒಪ್ಪಿಗೆಯೂ ಬೇಕು. ಎಸ್ಸೆಸ್ಸೆಲ್ಸಿ ತಯಾರಿ ಜೋರಾದ ಮೇಲೆ ಹತ್ತನೇ ತರಗತಿಗೆ ದಯವಿಟ್ಟು ಹೋಗಬೇಡಿ.

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಎಂ.ಎ., ಎಂ.ಎಸ್ಸಿ. ಓದುವವರು ತಾವೇ ಒಪ್ಪಿಗೆ ಕೊಡುತ್ತಾರೆ, ಕೆಲಸ ಬೇಗ. ಸೆಮಿಸ್ಟರ್ ಮುಗಿದರೆ ಅಧ್ಯಾಪಕರೂ ವಿಷಯವೂ ಬದಲು, ಅದೇ ತೊಡಕು. ಸುಮ್ನೆ ವಾಟ್ಸಾಪ್‌ನಲ್ಲಿ ಗೂಗಲ್ ಫಾರ್ಮ್ ಕಳಿಸಿದರೆ ಆಸಕ್ತಿ ಇರುವವರಷ್ಟೇ ತುಂಬುತ್ತಾರೆ. ತರಗತಿಗೇ ಹೋಗಿ ಬರೆಸಿಕೊಳ್ಳಿ.

ಶಾಲೆ, ಕಾಲೇಜು ಎರಡೂ ಒಂದೇ ಆವರಣದಲ್ಲಿ ಬೇಕಿದ್ದರೆ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಚಾರಿಸಿ.