ಪೀಣ್ಯದ ಸೆಮ್ ಲ್ಯಾಬ್: ಕೆವಿ ನೋಡಿ ಕೆಲಸ ಮಾಡುವವರು

ಪ್ಲೇಟಿಂಗ್ ಮಾಡಿದ ಬಿಡಿಭಾಗಗಳ ಪರೀಕ್ಷೆಗೆ ಪೀಣ್ಯದ ಈ ಸಣ್ಣ ಲ್ಯಾಬ್‌ಗೆ ಧೈರ್ಯವಾಗಿ ಹೋಗಬಹುದು. ಸೆಮ್ ಅಂದರೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್; ಅದು ಒಳಗಿನದನ್ನೆಲ್ಲ ತೋರಿಸುತ್ತದೆ ಅಂದುಕೊಂಡು ಬರುವವರೇ ಹೆಚ್ಚು. ಆದರೆ ಲೋಹದಲ್ಲಿ ಸೆಕೆಂಡರಿ ಎಲೆಕ್ಟ್ರಾನ್ ಚಿತ್ರ, ಅಂದರೆ ಮೇಲ್ಮೈಯ ಚಿತ್ರ, ಸಿಗುವುದು ಮೇಲಿನ ಕೆಲವೇ ನ್ಯಾನೋಮೀಟರಿನಿಂದ. ಯಾವ ಧಾತು ಇದೆ ಎಂದು ಹೇಳುವ ಎಕ್ಸ್‌ರೇ ಮಾತ್ರ ಆಳದಿಂದ ಬರುತ್ತದೆ. ಉಕ್ಕಿನ ಮೇಲೆ 1 ಮೈಕ್ರಾನ್ ನಿಕಲ್ ಇದೆ ಅನ್ನಿ. 20 ಕೆವಿಯಲ್ಲಿ (ಕಿಲೋವೋಲ್ಟ್, ಎಲೆಕ್ಟ್ರಾನ್‌ಗೆ ವೇಗ ಕೊಡುವ ವೋಲ್ಟೇಜ್) ಎಲೆಕ್ಟ್ರಾನ್‌ಗಳು ಸುಮಾರು 1.4 ಮೈಕ್ರಾನ್ ಇಳಿಯುತ್ತವೆ, ಕೆಳಗಿನ ಕಬ್ಬಿಣವೂ ವರದಿಯಲ್ಲಿ ಸೇರಿಬಿಡುತ್ತದೆ. ಪ್ಲೇಟಿಂಗ್ ಕೆಟ್ಟಿದೆ ಎಂದು ಸುಮ್ಮನೆ ಜಗಳ! ಇಲ್ಲಿ ಎಲೆಕ್ಟ್ರಾನ್ ನಿಕಲ್ ಪದರದೊಳಗೇ ನಿಲ್ಲುವಂತೆ ಕೇಳದೆಯೇ 10 ಕೆವಿಗೆ ಇಳಿಸುತ್ತಾರೆ, ಅದೇ ಇವರ ಹೆಚ್ಚುಗಾರಿಕೆ. ಪದರದ ದಪ್ಪ ಬೇಕಿದ್ದರೆ ಅಡ್ಡ ಕೊಯ್ದು, ರೆಸಿನ್‌ನಲ್ಲಿ ಕೂರಿಸಿ, 1 ಮೈಕ್ರಾನ್ ಡೈಮಂಡ್ ಪೇಸ್ಟಿನವರೆಗೆ ಪಾಲಿಶ್ ಮಾಡಿಸಿ. ಅಂಚು ದುಂಡಗಾದರೆ ಅಳತೆ ತಪ್ಪುತ್ತದೆ. ಎಣ್ಣೆ ಅಂಟಿದ ಸ್ಯಾಂಪಲ್ ಒಯ್ಯಬೇಡಿ, ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ.