ಹಳೇ ಪಿಕಪ್‌ನ ಹಲಗೆಗೆ ತೇಗವೋ, ಮತ್ತಿಯೋ, ಪ್ಲೈವುಡ್ಡೋ?

ನನ್ನ ಹಳೇ ಪಿಕಪ್‌ನ ಬಾಡಿ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಲ್ಲದಚ್ಚಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಕೊಳೆತದ್ದು ನಡುವಿನಲ್ಲಲ್ಲ, ಉಕ್ಕಿನ ಪಟ್ಟಿಯ ಕೆಳಗೆ, ಬೋಲ್ಟಿನ ಸುತ್ತ. ನೀರು ನಿಲ್ಲುವುದು ಅಲ್ಲೇ ಅಲ್ವಾ?

ಮಂಡ್ಯದ ಸಾಮಿಲ್‌ನಲ್ಲಿ ಮೊದಲು ಕೇಳಿದ್ದು ತೇಗ. ಮರದೊಳಗೇ ಎಣ್ಣೆ ಇರುವುದರಿಂದ ನೀರಿಗೆ ಬೇಗ ಕೊಳೆಯುವುದಿಲ್ಲ, ಒಣಗಿದ ಮೇಲೆ ಜಾಸ್ತಿ ಸೊಟ್ಟಗಾಗುವುದೂ ಇಲ್ಲ. ಗೆದ್ದಲಿಗೂ ಅಷ್ಟು ಇಷ್ಟವಿಲ್ಲ. ಆದರೆ ಎಳೇ ಮರದ ಬಿಳಿ ಭಾಗ ಕೊಟ್ಟರೆ ಈ ಗುಣ ಯಾವುದೂ ಸಿಗದು. ಕೆಂಚು ತಿರುಳೇ ಇದೆಯಾ ಅಂತ ಹಲಗೆಯ ತುದಿ ನೋಡಿ ತೆಗೆದುಕೊಳ್ಳಿ. ಬೆಲೆ ಮಾತ್ರ ಕೈ ಸುಡುತ್ತದೆ.

ಮತ್ತಿ ಅದಕ್ಕಿಂತ ಗಟ್ಟಿ, ಭಾರವೂ ಜಾಸ್ತಿ. ಕಬ್ಬು, ಕಲ್ಲು, ಕಬ್ಬಿಣ ಹೇರುವವರಿಗೆ ಇದೇ ಸರಿ. ಮೊದಲೇ ತೂತು ಕೊರೆಯದೆ ಮೊಳೆ ಹೊಡೆದರೆ ಸೀಳುತ್ತದೆ. ಹಸಿ ಹಲಗೆಯಂತೂ ಬೇಡವೇ ಬೇಡ. ಹೊನ್ನೆ ಚೆಂದ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಅಕ್ಕಿ ಮೂಟೆ ಹಾಕುವವರು ಯೋಚಿಸಿ.

ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ ಮರೈನ್ (ನೀರು ತಡೆದುಕೊಳ್ಳುವ) ಪ್ಲೈವುಡ್ ಬೇಗ ಕೂರುತ್ತದೆ. ಕತ್ತರಿಸಿದ ಅಂಚಿಗೆಲ್ಲ ಪೇಂಟ್ ಕುಡಿಸಬೇಕು. ನೋಡಲು ಮಾತ್ರ ಅಂಗಡಿಯ ಶೆಲ್ಫ್!

ಹಳೇ ಶೆವ್ರೊಲೆ, ಫೋರ್ಡ್ ಪಿಕಪ್‌ಗಳ ಚೆಂದವೇ ಹಲಗೆ, ನಡುವೆ ಉಕ್ಕಿನ ಪಟ್ಟಿ. ಹಾಗಾಗಿ ನಾನು ತೇಗಕ್ಕೇ ಹೋದೆ. ದಿನಾ ಲೋಡ್ ಹೊಡೆಯುವ ಗಾಡಿಯಾಗಿದ್ದರೆ ಮತ್ತಿ ಹಾಕಿಸುತ್ತಿದ್ದೆ. ಯಾವುದಾದರೂ ಸರಿ, ಜೋಡಿಸುವ ಮುಂಚೆ ಅಡಿಭಾಗಕ್ಕೂ ಬೋಲ್ಟ್ ತೂತಿನೊಳಕ್ಕೂ ಎಣ್ಣೆ ಬಳಿಯಿರಿ, ಆಮೇಲೆ ಕೈ ಹೋಗುವುದಿಲ್ಲ.